ಸಣ್ಣ ರಂಧ್ರ, ದೀರ್ಘ ವಿಶ್ರಾಂತಿ

ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೂ, ಅತ್ತ ನವಿಮುಂಬಯಿಯಲ್ಲಿಯೂ ಹೊಟೇಲುಗಳಲ್ಲಿ ದಿನವಿಡೀ ನಿಂತು ದುಡಿಯುವ ನಮ್ಮ ಬಂಧುಗಳಿಗೂ, ಲೋಕಲ್ ಗಾಡಿಯಲ್ಲಿ ನಿಂತೇ ಪಯಣಿಸುವ ಗುಮಾಸ್ತರಿಗೂ ಕಾಲುನೋವು ಹೊಸತಲ್ಲ. ಅದನ್ನು ವಾಯುವೆಂದು ಕರೆದು, ಔಷಧದಂಗಡಿಯ ಮಾತ್ರೆಯೊಂದನ್ನು ನುಂಗಿ ಮರೆಯುವುದು ರೂಢಿ. ಆದರೆ ತೊಡೆಸಂದಿನಲ್ಲಿ ವಾರಗಟ್ಟಲೆ ಬೇರೂರಿದ ನೋವನ್ನು ಹೀಗೆ ಮರೆಯುವುದು ಅಪಾಯಕರ.

ತೊಡೆಯೆಲುಬಿನ ಗುಂಡುತಲೆಗೆ ರಕ್ತದ ಪೂರೈಕೆ ಕುಂದಿ ಎಲುಬು ಒಳಗೊಳಗೇ ಸಾಯುವ ರೋಗವೊಂದುಂಟು. ವೈದ್ಯರು ಇದನ್ನು ಎವಾಸ್ಕ್ಯುಲರ್ ನೆಕ್ರೋಸಿಸ್ ಎನ್ನುತ್ತಾರೆ. ಸ್ಟಿರಾಯ್ಡ್ ಔಷಧಗಳು, ಅತಿಯಾದ ಮದ್ಯಪಾನ, ಸೊಂಟದ ಕೀಲಿಗೆ ಬಿದ್ದ ಪೆಟ್ಟು ಇದರ ಮುಖ್ಯ ಕಾರಣಗಳು. 2021ರಲ್ಲಿ ಮಾಹಿಮಿನ ಹಿಂದುಜಾ ಆಸ್ಪತ್ರೆಯ ವೈದ್ಯರು, ಕೋವಿಡ್ ಚಿಕಿತ್ಸೆಯಲ್ಲಿ ಸ್ಟಿರಾಯ್ಡ್ ಪಡೆದಿದ್ದ 40ರೊಳಗಿನ ಮೂವರಲ್ಲಿ ಈ ರೋಗ ಕಂಡುದನ್ನು ಪ್ರಕಟಿಸಿದರು. ಇದು ವೃದ್ಧರ ರೋಗವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆರಂಭದಲ್ಲಿ ಕ್ಷ-ಕಿರಣದ ಚಿತ್ರ ನಿರ್ದೋಷವಾಗಿ ಕಾಣಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ಮಾತ್ರ ದೋಷ ಹೊರಬೀಳುತ್ತದೆ. ಗುಂಡುತಲೆ ಕುಸಿಯುವ ಮೊದಲು ತಿಳಿದರೆ, ತೊಡೆಯ ಪಕ್ಕದಲ್ಲಿ ಚಿಕ್ಕ ಗಾಯಮಾಡಿ, ಎಲುಬಿನೊಳಗೆ ತೆಳುವಾದ ರಂಧ್ರ ಕೊರೆದು ಒಳಗಿನ ಒತ್ತಡವನ್ನು ಇಳಿಸುವ ಚಿಕಿತ್ಸೆಯುಂಟು. ಕೋರ್ ಡಿಕಂಪ್ರೆಶನ್ ಎಂದು ಅದರ ಹೆಸರು. ಎಲ್ಲರಿಗೂ ಅದು ಫಲಿಸುವುದಿಲ್ಲ. ಎಲುಬು ಕುಸಿದ ಮೇಲಂತೂ ಅದರಿಂದ ಪ್ರಯೋಜನ ಅತ್ಯಲ್ಪ. ಆಗ ಬಹುಮಟ್ಟಿಗೆ ಕೀಲನ್ನೇ ಬದಲಿಸಬೇಕಾಗುತ್ತದೆ. ಆದುದರಿಂದ ಶಸ್ತ್ರಕ್ರಿಯೆಗೆ ಒಪ್ಪುವ ಮುನ್ನ “ನನ್ನ ರೋಗ ಯಾವ ಹಂತದಲ್ಲಿದೆ?” ಎಂದು ಕೇಳಿ ತಿಳಿಯುವುದು ರೋಗಿಯ ಹಕ್ಕು.

ಗಾಯ ಸಣ್ಣದಾದರೂ ವಿಶ್ರಾಂತಿ ಸಣ್ಣದಲ್ಲ. ಸಾಮಾನ್ಯವಾಗಿ ಆರು ವಾರಗಳಷ್ಟು ಕಾಲ ಊರುಗೋಲು ಹಿಡಿದು, ಆ ಕಾಲಿನ ಮೇಲೆ ಭಾರ ಹಾಕದಿರಬೇಕು. ಕಚೇರಿಯ ಗುಮಾಸ್ತನಿಗೆ ರಜೆಯಾದರೂ ಇದ್ದೀತು. ಕಾವಲಿಯ ಮುಂದೆ ನಿಲ್ಲುವ ದೋಸೆ ಭಟ್ಟನಿಗೆ, ಮೇಜಿನಿಂದ ಮೇಜಿಗೆ ಓಡುವ ಸಪ್ಲಯರನಿಗೆ ಯಾರು ಆರು ವಾರ ಕೊಟ್ಟಾರು? ಕೆಲಸ ಹೋದೀತೆಂಬ ಭಯದಿಂದಲೇ ಅವರು ನೋವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ನೋವು ಕೊನೆಗೆ ಕಾಲನ್ನೇ ಕುಂಟಾಗಿಸುತ್ತದೆ.

ನೌಕರರ ರಾಜ್ಯ ವಿಮೆಗೆ ಒಳಪಟ್ಟವರಿಗೆ ಚಿಕಿತ್ಸೆಯಲ್ಲದೆ, ನಿಯಮಗಳಿಗನುಸಾರವಾಗಿ ವರ್ಷಕ್ಕೆ 91 ದಿನಗಳವರೆಗೆ ವೇತನದ ನೂರಕ್ಕೆ 70ರಷ್ಟು ಅಸ್ವಸ್ಥತಾ ಭತ್ಯೆ ದೊರೆಯುತ್ತದೆ. ಮಾಲಕರು ತಮ್ಮ ಪ್ರತಿಯೊಬ್ಬ ಅರ್ಹ ನೌಕರನ ಹೆಸರನ್ನೂ ಅದರಲ್ಲಿ ನೋಂದಾಯಿಸಲಿ. ಗುಣವಾಗಿ ಬಂದವನಿಗೆ ಹಿಂದಿನ ಜಾಗವನ್ನೇ ಕೊಡಲಿ. ಅವರಲ್ಲಿ ಅನೇಕರು ಒಂದು ಕಾಲದಲ್ಲಿ ಮೇಜು ಒರೆಸಿಯೇ ಮೇಲೆ ಬಂದವರು. ಅವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.