ತಲೆ ಮೇಲಿರೋ ಫ್ಲ್ಯಾಶ್ ಕೆಳಗಿಳಿಸಿ

1/5
“ಮೂರು ಸಾವಿರದ ಟ್ರಿಗರ್ ಇಟ್ಕೊಂಡು ಮದುವೆ ತೆಗೀತೀಯೇನೋ?” ಶ್ರೀರಂಗಪಟ್ಟಣದ ಒಂದು ಛತ್ರದಲ್ಲಿ ಹಿರಿಯ ಫೋಟೋಗ್ರಾಫರ್ ಒಬ್ರು ನಕ್ಕರು. ಅವರ ಕುತ್ತಿಗೇಲಿದ್ದ ಕ್ಯಾಮೆರಾ ನನ್ನ ಬೈಕಿಗಿಂತ ದುಬಾರಿ. ಫ್ಲ್ಯಾಶ್ ಮಾತ್ರ ಅದರ ನೆತ್ತಿ ಮೇಲೆ, ನೇರ ಹೆಣ್ಣಿನ ಮುಖಕ್ಕೆ. ಅವತ್ತು ಸುಮ್ನಿದ್ದೆ. ಇವತ್ತು ಐದು ಪೋಸ್ಟಲ್ಲಿ ಉತ್ತರ ಕೊಡ್ತೀನಿ.

2/5
ಎದುರಿಂದ ನೇರ ಹೊಡೆದ ಬೆಳಕು ಏನ್ಮಾಡುತ್ತೆ? ಹಣೆಯ ಬೆವರು, ತಲೆಯ ಎಣ್ಣೆ ಎಲ್ಲಾ ಫಳಫಳ. ಮೂಗು, ಕೆನ್ನೆಯ ನೆರಳು ಮಾಯ, ಮುಖ ತಟ್ಟೆಯಂಗೆ ಚಪ್ಪಟೆ. ಅದನ್ನ ಮುಚ್ಚೋಕೆ ಆಲ್ಬಂ ಡಿಸೈನ್ ಮಾಡೋರಿಗೆ “ಸ್ವಲ್ಪ ಬೆಳ್ಳಗೆ ಮಾಡಿ ಅಣ್ಣ” ಅಂತ ಕಳಿಸ್ತೀವಿ.

ಕೆ.ಆರ್. ಪೇಟೆ ಕಡೆ ಒಂದು ಮನೇಲಿ ಆಲ್ಬಂ ತೆರೆದ ಅಜ್ಜಿ, “ಇದ್ಯಾರ್ ಮಗಾ ಇದು? ನಮ್ಮುಡ್ಗಿ ಎಲ್ಲಿ?” ಅಂದ್ರು. ಆ ಆಲ್ಬಂ ಮಾಡಿದ್ದು ನಾನೇ. ಎಣ್ಣೆಗೆಂಪು ಬಣ್ಣದ ಚೆಂದದ ಹುಡುಗಿ. ಅವಳ ಬಣ್ಣ ತೆಗೆದು ಬಿಲ್ ಕೊಟ್ಟು ಬಂದಿದ್ದೆ. ತಪ್ಪು ಅವಳ ಬಣ್ಣದ್ದಲ್ಲ, ನಾನು ಬೆಳಕಿಟ್ಟ ಜಾಗದ್ದು.

3/5
ಟ್ರಿಗರ್ ಮಾಡೋ ಕೆಲಸ ಒಂದೇ: ಕ್ಯಾಮೆರಾ ಮೇಲಿರೋ ತುಂಡು 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ “ಹೊಡಿ” ಅನ್ನುತ್ತೆ, ಫ್ಲ್ಯಾಶ್ ಕೆಳಗಿರೋ ತುಂಡು ಹೊಡೆಸುತ್ತೆ. ದುಬಾರಿ ಟ್ರಿಗರ್‌ನಲ್ಲಿ ಬರೋ ಬೆಳಕೂ ಅದೇ ಬೆಳಕು.

ಫ್ಲ್ಯಾಶನ್ನ ಪಕ್ಕಕ್ಕೆ, ಮುಖಕ್ಕಿಂತ ಸ್ವಲ್ಪ ಮೇಲೆ ಇಡಿ. ಮುಂದೆ ಒಂದು ಬಿಳಿ ಛತ್ರಿ. ಪವರ್ ಮ್ಯಾನುವಲ್ ಆಗಿ 1/8ರಿಂದ ಶುರು ಮಾಡಿ. ಆಟೋ ನಂಬಬೇಡಿ, ಬಿಳಿ ಪಂಚೆ ಬಿಳಿ ಶರ್ಟು ಕಂಡ್ರೆ ಅದು ಮೋಸ ಹೋಗಿ ಬೆಳಕು ಇಳಿಸಿಬಿಡುತ್ತೆ. ಶಟರ್ 1/200 ದಾಟಿಸಬೇಡಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದಕ್ಕಿಂತ ಜೋರಾದ್ರೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತೆ. 4 ಅಡಿಯಲ್ಲಿದ್ದ ಫ್ಲ್ಯಾಶ್ 8 ಅಡಿಗೆ ಹೋದ್ರೆ ಬೆಳಕು ಕಾಲು ಭಾಗ. ಅಂದ್ರೆ ದೊಡ್ಡ ಲೈಟ್ ಕೊಳ್ಳೋ ಬದಲು ಸಣ್ಣದನ್ನ ಹತ್ತಿರ ತನ್ನಿ.

4/5
“ಚೀಪ್ ಟ್ರಿಗರ್ ಕೈ ಕೊಡುತ್ತೆ” ಅಂತಾರೆ. ಕೊಡುತ್ತೆ, ಒಪ್ಕೋತೀನಿ. ನಾಗಮಂಗಲದ ಒಂದು ಮದುವೇಲಿ ಧಾರೆ ಎರೆಯೋ ಹೊತ್ತಿಗೆ ನನ್ನ ಫೋಟೋ ಪೂರ್ತಿ ಕಪ್ಪು. ಜೀವ ಬಾಯಿಗೆ ಬಂತು. ಆಮೇಲೆ ಗೊತ್ತಾಗಿದ್ದು: ಗಂಡಿನ ಕಡೆ ಫೋಟೋಗ್ರಾಫರ್ ಹತ್ರನೂ ಅದೇ ಟ್ರಿಗರ್, ಅದೇ ಚಾನೆಲ್ 1. ಅವರು ಒತ್ತಿದಾಗೆಲ್ಲಾ ನನ್ನ ಫ್ಲ್ಯಾಶ್ ಹೊಡೆದು ಹೊಡೆದು ಸುಸ್ತಾಗಿತ್ತು. ನಾನು ಒತ್ತಿದಾಗ ಅದಿನ್ನೂ ಚಾರ್ಜ್ ಆಗ್ತಿತ್ತು.

ಇದು ಚೀಪ್ ಮಾಲಿನ ತಪ್ಪೋ, ಡಬ್ಬ ಬಿಚ್ಚಿದಂಗೇ ತಂದ ನನ್ನ ತಪ್ಪೋ? ಈಗ ಛತ್ರಕ್ಕೆ ಹೋದ ತಕ್ಷಣ ಎದುರು ಕಡೆಯವರಿಗೆ ನಮಸ್ಕಾರ ಹೇಳಿ ಚಾನೆಲ್ ಕೇಳ್ತೀನಿ. ಜೇಬಲ್ಲಿ ಹೊಸ ಸೆಲ್ಲು, ಬ್ಯಾಗಲ್ಲಿ ಇನ್ನೊಂದು ಜೋಡಿ ಟ್ರಿಗರ್. ಸ್ಟ್ಯಾಂಡ್ ಬುಡಕ್ಕೆ ಮರಳು ಚೀಲ, ಯಾಕಂದ್ರೆ ಮಕ್ಕಳು ಓಡಾಡ್ತಾವೆ. ಒಂದು ಎಚ್ಚರಿಕೆ: ಹಳೇ ಕಾಲದ ಫ್ಲ್ಯಾಶ್ ಸಿಕ್ತು ಅಂತ ಜೋಡಿಸಬೇಡಿ, ಕೆಲವದರ ವೋಲ್ಟೇಜ್ ಟ್ರಿಗರನ್ನೂ ಕ್ಯಾಮೆರಾನೂ ಸುಟ್ಟುಹಾಕುತ್ತೆ.

5/5
ಸಂಜೆ ಮೇಲುಕೋಟೆ ರಾಯಗೋಪುರದ ಹತ್ರ ಜೋಡಿ ನಿಲ್ಲಿಸಿ. ಆಕಾಶ ಬೇಕು ಅಂದ್ರೆ ಮುಖ ಕಪ್ಪು, ಮುಖ ಬೇಕು ಅಂದ್ರೆ ಆಕಾಶ ಬಿಳಿ. ಅನುಮತಿ ಕೇಳಿ, ಪಕ್ಕದಿಂದ ಒಂದು ಸಣ್ಣ ಫ್ಲ್ಯಾಶ್ ಕೊಡಿ. ಎರಡೂ ಬರುತ್ತೆ.

ಪಾಂಡವಪುರದಲ್ಲಿ, ಕೆ.ಆರ್. ಪೇಟೆಯಲ್ಲಿ ಹೊಸದಾಗಿ ಸ್ಟುಡಿಯೋ ಹಾಕಿರೋ ತಮ್ಮಂದಿರೇ, “ದೊಡ್ಡ ಲೈಟ್ ಇಲ್ದಿದ್ರೆ ಪ್ರೊಫೆಷನಲ್ ಅಲ್ಲ” ಅಂತ ಹೆದರಿಸೋರ ಮಾತಿಗೆ ಇಎಂಐ ಹಾಕ್ಕೋಬೇಡಿ. ಮದುವೆ ಸೀಸನ್ ವರ್ಷವಿಡೀ ಇರಲ್ಲ, ಕಂತು ವರ್ಷವಿಡೀ ಇರುತ್ತೆ. ಆಷಾಢದಲ್ಲಿ ಯಾರು ಕಟ್ತಾರೆ?

ಹಿರಿಯರೇ, ನಿಮ್ಮ ಕ್ಯಾಮೆರಾ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಫ್ಲ್ಯಾಶ್ ಒಂದ್ಸಲ ಕೆಳಗಿಳಿಸಿ ನೋಡಿ. ಮುಂದಿನ ಆಲ್ಬಮ್ಮಲ್ಲಿ ಅಜ್ಜಿಗೆ ಮೊಮ್ಮಗಳ ಗುರುತು ಸಿಗಲಿ.

ಸೇವ್ ಮಾಡ್ಕೊಳ್ಳಿ. ಒಪ್ಪಲ್ಲ ಅಂದ್ರೆ ಕೆಳಗೆ ಬೈರಿ, ಓದ್ತೀನಿ.

#ಮಂಡ್ಯಫೋಟೋಗ್ರಫಿ #ಆಫ್‌ಕ್ಯಾಮೆರಾಫ್ಲ್ಯಾಶ್ #ನಮ್ಮೂರಮದುವೆ