ಮಗುವಿನ ಚರ್ಮಕ್ಕೆ ಒಣಗುವ ಹೊತ್ತು ಬೇಕು

ಸದ್ಭಕ್ತರಲ್ಲಿ ಅನೇಕರು ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಬಂದು ಉದ್ಯೋಗನಿಮಿತ್ತ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನೆಲೆಸಿದ್ದಾರೆ. ಆ ಬಯಲುಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಇಲ್ಲಿ 4,000 ಮಿ.ಮೀ. ಆಸುಪಾಸು. ಅಲ್ಲಿ ಅಂಗಳದಲ್ಲಿ ಹರವಿದ ಕೂಸಿನ ಬಟ್ಟೆ ಬಿಸಿಲಿಗೆ ಬೇಗನೆ ಒಣಗುತ್ತದೆ. ಇಲ್ಲಿ ಆಷಾಢದಲ್ಲಿ ಮನೆಯೊಳಗೆ ಎರಡು ದಿನ ನೇತುಹಾಕಿದರೂ ಹಸಿ ಬಿಡುವುದಿಲ್ಲ. ಬೇರೆ ದಾರಿ ಕಾಣದೆ ಬಾಣಂತಿಯು ಡಯಾಪರಿನ ಮೊರೆಹೋಗುತ್ತಾಳೆ. ಕೆಲವೇ ದಿನಗಳಲ್ಲಿ ಕೂಸಿನ ತೊಡೆಸಂದು, ಪೃಷ್ಠಭಾಗ ಕೆಂಪೇರುತ್ತವೆ. ಊರಿನಿಂದ ಅವ್ವ ಫೋನಿನಲ್ಲಿ, "ಅದನ್ನ ಹಾಕಬ್ಯಾಡವಾ, ಅರಿವಿ ಕಟ್ಟು" ಎನ್ನುತ್ತಾಳೆ. ತಪ್ಪೆಲ್ಲ ತನ್ನದೇ ಎಂದು ತಾಯಿ ನೊಂದುಕೊಳ್ಳುತ್ತಾಳೆ.

ಈ ವಾದದಲ್ಲಿ ನಾವು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಬಟ್ಟೆಯಾಗಲಿ ಡಯಾಪರಾಗಲಿ ತಾನಾಗಿಯೇ ದೋಷಿಯಲ್ಲ. ತೇವವು ಎಷ್ಟು ಹೊತ್ತು ಚರ್ಮಕ್ಕೆ ಅಂಟಿಕೊಂಡಿತ್ತು ಎಂಬುದೇ ಮುಖ್ಯ ಪ್ರಶ್ನೆ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ನೆನೆದ ಚರ್ಮ ಮೆತ್ತಗಾಗಿ ಉಜ್ಜಾಟಕ್ಕೆ ಬೇಗ ಸವೆಯುತ್ತದೆ. ಆರೋಗ್ಯವಂತ ಚರ್ಮವು ಸ್ವಲ್ಪ ಆಮ್ಲಗುಣದ್ದು. ಮೂತ್ರವೂ ಮಲವೂ ಬೆರೆತು ಹುಟ್ಟುವ ಅಮೋನಿಯಾ ಆ ಗುಣವನ್ನು ಕೆಡಿಸುತ್ತದೆ. ಆಗ ಮಲದಲ್ಲಿರುವ ಜೀರ್ಣಕಾರಕ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೊರೆಯುತ್ತವೆ. ಭೇದಿಯಾದಾಗ ದದ್ದು ಒಂದೇ ದಿನದಲ್ಲಿ ಉಲ್ಬಣಿಸುವುದು ಈ ಕಾರಣದಿಂದಲೇ.

ಆದುದರಿಂದ ಮೊದಲ ಔಷಧವು ಗಾಳಿ. ಎರಡು ಮೂರು ತಾಸಿಗೊಮ್ಮೆ, ಮಲವಾದರೆ ತಕ್ಷಣವೇ ಬದಲಿಸಬೇಕು. ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಬೇಕು. ದಿನಕ್ಕೆ ನಾಲ್ಕಾರು ಬಾರಿ ಹತ್ತು ಹದಿನೈದು ನಿಮಿಷ ಕೂಸನ್ನು ಬರಿಮೈಯಲ್ಲಿ ಚಾಪೆಯ ಮೇಲೆ ಆಡಲು ಬಿಡಬೇಕು. ಬಳಿಕ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ದಪ್ಪವಾಗಿ ಹಚ್ಚಿದರೆ ಅದು ತೇವಕ್ಕೂ ಚರ್ಮಕ್ಕೂ ನಡುವೆ ಗೋಡೆಯಾಗುತ್ತದೆ. ಮಳೆಗಾಲದಲ್ಲಿ ಬಟ್ಟೆ ಕಟ್ಟುವವರು ಸೋಪಿನ ಅಂಶ ಉಳಿಯದಂತೆ ಜಾಲಿಸಿ, ಇಸ್ತ್ರಿ ಹಾಕಿ ಪೂರ್ಣ ಒಣಗಿಸಿಯೇ ಕಟ್ಟಲಿ. ಹಗಲು ಬಟ್ಟೆ, ರಾತ್ರಿ ಡಯಾಪರ್ ಎಂದರೂ ಅಡ್ಡಿಯಿಲ್ಲ.

ಹಚ್ಚಬಾರದ್ದನ್ನೂ ಹೇಳಲೇಬೇಕು. ಪೌಡರಿನ ಧೂಳು ಕೂಸಿನ ಶ್ವಾಸಕೋಶ ಸೇರಬಹುದು, ಅದು ಬೇಡ. ಸುವಾಸನೆಯ ಒದ್ದೆ ಕಾಗದ, ಗಾಯ ತೊಳೆಯುವ ಕ್ರಿಮಿನಾಶಕ ದ್ರಾವಣ, ಅರಿಶಿನದ ಲೇಪ ಹಸಿಚರ್ಮಕ್ಕೆ ಸಲ್ಲವು. ಭಕ್ತಿಯಿಂದ ವಿಭೂತಿ ಹಚ್ಚುವವರೂ ಇದ್ದಾರೆ. ವಿಭೂತಿಯ ಸ್ಥಾನ ಹಣೆ. ಕ್ಷಾರಗುಣದ ಭಸ್ಮ ಹುಣ್ಣಿಗೆ ತಗಲಿದರೆ ಉರಿ ಹೆಚ್ಚುವುದೇ ಹೊರತು ಶಮನವಾಗದು.

ಇವೆಲ್ಲಕ್ಕಿಂತ ನಮ್ಮನ್ನು ಕಳವಳಕ್ಕೀಡುಮಾಡಿರುವುದು ಬೇರೊಂದು ರೂಢಿ. ದದ್ದು ಕಂಡೊಡನೆ ಔಷಧದ ಅಂಗಡಿಗೆ ಹೋಗಿ, ದೊಡ್ಡವರ ತುರಿಕೆ-ಗಜಕರ್ಣಕ್ಕೆ ತರುವ ಟ್ಯೂಬನ್ನೇ ಕೂಸಿಗೂ ತರುವುದು. ಇಂಥ ಮಿಶ್ರ ಮುಲಾಮುಗಳಲ್ಲಿ ಅನೇಕವು ತೀವ್ರ ಸ್ಟೀರಾಯ್ಡ್ ಒಳಗೊಂಡಿರುತ್ತವೆ. ಎರಡೇ ದಿನಗಳಲ್ಲಿ ಕೆಂಪು ಮಾಯವಾದಂತೆ ತೋರಿದರೂ ಶಿಲೀಂಧ್ರದ ಸೋಂಕು ಒಳಗೊಳಗೇ ಬೆಳೆಯಬಹುದು, ಚರ್ಮ ತೆಳುವಾಗಬಹುದು. ಡಯಾಪರಿನ ಬಿಗಿಮುಚ್ಚಿಗೆಯಡಿ ಔಷಧ ಇನ್ನೂ ಹೆಚ್ಚಾಗಿ ದೇಹಕ್ಕೆ ಸೇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಸ್ಟೀರಾಯ್ಡ್ ಇರುವ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮವನ್ನು ಬಿಗಿಗೊಳಿಸಿತು. ನಿಯಮವನ್ನು ಅಂಗಡಿಯವನು ಮರೆತರೂ ಕೇಳುವ ನಾವು ಮರೆಯಬಾರದು.

ಮೂರು ದಿನಗಳ ಆರೈಕೆಯಲ್ಲೂ ಇಳಿಯದಿದ್ದರೆ, ತೊಡೆಸಂದಿನ ಮಡಿಕೆಗಳಲ್ಲಿ ಗಾಢ ಕೆಂಪಾಗಿ ಸುತ್ತಲೂ ಚಿಕ್ಕ ಚುಕ್ಕೆಗಳೆದ್ದರೆ, ಬೊಬ್ಬೆ, ಕೀವು, ಜ್ವರ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಈ ಜಿಲ್ಲೆಯಲ್ಲಿ ವೈದ್ಯರ ಕೊರತೆಯೆಂಬ ನೆಪವಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಉಡುಪಿ ಪಟ್ಟಣದಲ್ಲಿ ತಾಯಿ ಮಕ್ಕಳ ಸರ್ಕಾರಿ ಆಸ್ಪತ್ರೆಯಿದೆ. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆಯಿದೆ. ಕೂಲಿ ತಪ್ಪುವುದೆಂದು ಅಂಜುವವರು ಮೊದಲು ಆಶಾ ಕಾರ್ಯಕರ್ತೆಯನ್ನಾದರೂ ಕೇಳಲಿ.

ಕಡೆಯ ಮಾತು ಮನೆಯ ಗಂಡಸರಿಗೆ. ತವರು ದೂರವಾದ ಬಾಡಿಗೆ ಕೋಣೆಯಲ್ಲಿ ಅಡುಗೆ, ನೀರು, ಬಟ್ಟೆ, ಕೂಸು ಎಲ್ಲವೂ ಒಬ್ಬಳ ಮೇಲೆಯೇ ಬಿದ್ದರೆ ಎರಡು ತಾಸಿಗೊಮ್ಮೆ ಬದಲಿಸುವುದು ಹೇಗೆ ಸಾಧ್ಯ? ರಾತ್ರಿ ಒಂದು ಬಾರಿ ತಂದೆ ಎದ್ದು ಕೂಸಿನ ಮೈ ಒಣಗಿಸಲಿ. ಯಾವ ಕಾಯಕವೂ ಕೀಳಲ್ಲವೆಂದು ನಂಬಿದವರು ನಾವು. ಕೂಸಿನ ಲಂಗೋಟಿ ಬದಲಿಸುವುದೂ ಆ ನಂಬಿಕೆಯೊಳಗೇ ಸೇರಿದೆ.