ಕೈ ಮುಟ್ಟದ ವಿಜ್ಞಾನ

ಕನ್ನಡದ ಅಧ್ಯಾಪಕನಿಗೆ ವಿಜ್ಞಾನಶಿಕ್ಷಣದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಭೌತಶಾಸ್ತ್ರದ ನನ್ನ ಸಹೋದ್ಯೋಗಿಯೊಬ್ಬರು ಈಗಾಗಲೇ ಕೇಳಿದ್ದಾರೆ. ಗೊಡವೆ ಇದೆ. ಎಳೆಯ ಮಕ್ಕಳಿಗೆ ವಿಜ್ಞಾನವೆಂದು ನಾವು ಉಣಬಡಿಸುತ್ತಿರುವುದು ವಿಜ್ಞಾನವಲ್ಲ, ಬರಿಯ ಮಾತು; ಅದೂ ಅರ್ಥ ಕಳಚಿಬಿದ್ದ ಮಾತು. ಮಾತಿನ ವಿಚಾರ ಬಂದಮೇಲೆ ಕನ್ನಡ ಮೇಷ್ಟರು ಬಾಯಿ ಹಾಕಲೇಬೇಕಷ್ಟೆ.

ಸನ್ನೆಯ ಪಾಠವನ್ನೇ ತೆಗೆದುಕೊಳ್ಳಿ. ಸನ್ನೆಗಳಲ್ಲಿ ಮೂರು ವರ್ಗ: ಕತ್ತರಿ ಮೊದಲನೆಯದು, ಅಡಕತ್ತರಿ ಎರಡನೆಯದು, ಇಕ್ಕುಳ ಮೂರನೆಯದು. ಮಗು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತದೆ. ಅದೇ ಮಗುವಿನ ಮುಂದೆ ಒಂದು ಅಡಕತ್ತರಿಯನ್ನಿಟ್ಟು, ಅಡಕೆಯನ್ನು ಕೀಲಿನ ಹತ್ತಿರ ಇಡಬೇಕೋ ತುದಿಯ ಹತ್ತಿರ ಇಡಬೇಕೋ ಎಂದು ಕೇಳಿ. ಮಗು ಅಧ್ಯಾಪಕರ ಮುಖ ನೋಡುತ್ತದೆ. ಅಧ್ಯಾಪಕರು ಪುಸ್ತಕ ನೋಡುತ್ತಾರೆ. ಜಗಲಿಯಲ್ಲಿ ಕುಳಿತು ಎಲೆಯಡಕೆ ಮೆಲ್ಲುವ ಅಜ್ಜಿಗೆ ವರ್ಗ ಗೊತ್ತಿಲ್ಲ. ಗಟ್ಟಿ ಅಡಕೆಯನ್ನು ಕೀಲಿಗೆ ಒತ್ತಿ ಇಡಬೇಕೆಂಬುದು ಮಾತ್ರ ಆಕೆಯ ಬೆರಳಿಗೆ ಗೊತ್ತು.

‘ಮೀಟು’ ಎಂಬ ನಮ್ಮ ಕ್ರಿಯಾಪದ ಎಷ್ಟು ಸೊಗಸಾದುದು! ಬಂಡೆಯನ್ನು ಹಾರೆಯಿಂದ ಮೀಟುತ್ತೇವೆ, ಡಬ್ಬದ ಮುಚ್ಚಳವನ್ನು ಚಮಚದಿಂದ ಮೀಟುತ್ತೇವೆ, ವೀಣೆಯ ತಂತಿಯನ್ನೂ ಮೀಟುತ್ತೇವೆ. ಗಿಡ್ಡ ಚಮಚಕ್ಕೆ ಜಗ್ಗದ ಮುಚ್ಚಳ ಉದ್ದ ಚಮಚಕ್ಕೆ ಟಪ್ಪನೆ ಎದ್ದುಬರುವುದನ್ನು ಏಳು ವರ್ಷದ ಹುಡುಗಿ ಒಮ್ಮೆ ತಾನೇ ಮಾಡಿ ಕಂಡಳೆಂದರೆ ಆ ಮಾತು ಅವಳದಾಯಿತು. ಆಮೇಲೆ ನೀವು ಸನ್ನೆಯೆನ್ನಿ, ಮೀಟುಗೋಲೆನ್ನಿ, ಲಿವರ್ ಎನ್ನಿ, ಹೆದರುವುದಿಲ್ಲ. ಏತ, ರಾಟೆ, ಬುಗುರಿ, ಗಿರಗಟ್ಟೆ, ಕವಣೆ ಇವೆಲ್ಲ ಕೈಯಿಂದ ಬಾಯಿಗೆ ಬಂದ ಮಾತುಗಳು. ಕೈ ಬಿಟ್ಟುಹೋದದ್ದರಿಂದ ಬಾಯಿಂದಲೂ ಬಿಟ್ಟುಹೋಗುತ್ತಿವೆ. ಭಾಷೆ ಸಾಯುತ್ತಿದೆಯೆಂದು ವೇದಿಕೆಯ ಮೇಲೆ ಕಣ್ಣೀರಿಡುವ ನನ್ನ ಬಾಂಧವರು ಇದನ್ನೂ ಸ್ವಲ್ಪ ಗಮನಿಸಬೇಕು.

ಇನ್ನು ಶಾಲೆಗಳ ವಿಜ್ಞಾನ ಪ್ರದರ್ಶನ. ಈಚೆಗೆ ಒಂದು ಶಾಲೆಯವರು, ಯಾವ ಶಾಲೆಯೆಂಬುದು ಬೇಡ, ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಸಾಲಾಗಿ ಥರ್ಮಕೋಲಿನ ಜ್ವಾಲಾಮುಖಿಗಳು, ಥರ್ಮಕೋಲಿನ ಅಣೆಕಟ್ಟುಗಳು, ಬಣ್ಣದ ಕಾಗದದ ಸೌರಮಂಡಲಗಳು. ಎಂಟು ವರ್ಷದ ಒಬ್ಬ ಪುಟ್ಟಣ್ಣ ಅಣೆಕಟ್ಟಿನ ಹಿಂದೆ ಕೈಕಟ್ಟಿ ನಿಂತು ಇಂಗ್ಲಿಷಿನಲ್ಲಿ ಭಾಷಣ ಒಪ್ಪಿಸಿದ. “ಇದಕ್ಕೆ ಸ್ವಲ್ಪ ನೀರು ಬಿಡೋಣವೇನಪ್ಪ?” ಎಂದೆ. “ಬೇಡ ಸಾರ್, ಹಾಳಾಗತ್ತೆ. ಮುಟ್ಟಬಾರದು ಅಂತ ಅಮ್ಮ ಹೇಳಿದಾರೆ” ಎಂದ. ನೀರು ಮುಟ್ಟಿಸಬಾರದ ಅಣೆಕಟ್ಟು! ಅದಕ್ಕೇ ಮೊದಲ ಬಹುಮಾನ ಬಂತು. ಉಳಿದ ಇಬ್ಬರು ತೀರ್ಪುಗಾರರ ಬಹುಮತ. ಇಂಥ ಮಾದರಿಗಳು ಅಂಗಡಿಯಲ್ಲಿ ಸಿದ್ಧವಾಗಿಯೇ ದೊರೆಯುತ್ತವೆ. ಕೊಂಡು ತರುವ ಪುರುಷಾರ್ಥವೂ ತಂದೆಯದೇ ಹೊರತು ಮಗನದಲ್ಲ.

ಬಡ ದೇಶದಲ್ಲಿ ಇದಕ್ಕಿಂತ ಬೇರೆ ದಾರಿಯಿಲ್ಲವೆಂದು ದಯವಿಟ್ಟು ಹೇಳಬೇಡಿ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಹಳ್ಳಿಶಾಲೆಗಳಲ್ಲಿ ಒಂದು ಸಾಹಸ ಮೊದಲಾಯಿತು. ಆರರಿಂದ ಎಂಟನೆಯ ತರಗತಿಯ ಮಕ್ಕಳು ತಾವೇ ಪ್ರಯೋಗ ಮಾಡಿ, ತಾವೇ ಬರೆದುಕೊಂಡು ಕಲಿಯುವ ಏರ್ಪಾಡು. ಪರೀಕ್ಷೆಗೆ ಪುಸ್ತಕವನ್ನು ಒಯ್ಯಬಹುದಾಗಿತ್ತು. ಕೈಕೆಲಸದ ಪರೀಕ್ಷೆಯೂ ಇತ್ತು. ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ಅಲ್ಲಿಯ ಸರ್ಕಾರ ನಿಲ್ಲಿಸಿಬಿಟ್ಟಿತು. ಬಾಯಿಪಾಠ ನಿಲ್ಲಿಸಿದ ಸರ್ಕಾರವನ್ನು ನಾನು ಇನ್ನೂ ಕಂಡಿಲ್ಲ.

ಆ ಹಳ್ಳಿಗಳಿಗೆ 1978ರಲ್ಲಿ ಹೋದವರು ಅರವಿಂದ ಗುಪ್ತ ಎಂಬ ತರುಣ ಇಂಜಿನಿಯರು, ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಲಾರಿ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. ಸೈಕಲ್ಲಿನ ವಾಲ್ವ್ ಟ್ಯೂಬನ್ನು, ಶಾವಿಗೆಯಂತಿರುವ ಆ ಕರಿಯ ರಬ್ಬರ್ ನಳಿಗೆಯನ್ನು, ತುಂಡುಮಾಡಿ ಮದ್ದು ಕೆರೆದ ಬೆಂಕಿಕಡ್ಡಿಗಳನ್ನು ಅದರಿಂದ ಜೋಡಿಸುವ ಉಪಾಯ ಹುಡುಕಿದರು. ನಾಲ್ಕು ಕಡ್ಡಿಯ ಚೌಕವನ್ನು ಒತ್ತಿದರೆ ಸೊಟ್ಟಗಾಗಿ ಮಲಗುತ್ತದೆ. ಮೂರು ಕಡ್ಡಿಯ ತ್ರಿಕೋನವನ್ನು ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕೊಡಿ, ಅದೂ ಬಿಗಿದು ನಿಲ್ಲುತ್ತದೆ. ಹೆಂಚಿನ ಮನೆಯ ಮಾಡು, ರೈಲಿನ ಕಬ್ಬಿಣದ ಸೇತುವೆ ಎಲ್ಲದರ ಗುಟ್ಟೂ ಈ ಒಂದು ಕಡ್ಡಿಯಲ್ಲಿದೆ. ಆರು ವರ್ಷದ ಮಗು ಅರ್ಧ ಗಂಟೆಯಲ್ಲಿ ಇದನ್ನು ಕಾಣಬಲ್ಲದು. ಗುಪ್ತರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ ನಮ್ಮ ಶಿಶುವಿಹಾರಗಳಿಗೆ ಇನ್ನೂ ಬಂದಿಲ್ಲ.

ಈಚಿನ ಕೇಂದ್ರ ಯೋಜನೆಯೊಂದರಲ್ಲಿ ಅಟಲ್ ಪ್ರಯೋಗಶಾಲೆಗೆಂದು ಆಯ್ದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಕೊಡುತ್ತಾರೆ. ಕೊಡಲಿ, ಸಂತೋಷ. ಆದರೆ ಅದು ಮೊದಲಾಗುವುದು ಆರನೆಯ ತರಗತಿಯಿಂದ. ಅದುವರೆಗೆ ಐದಾರು ವರ್ಷ “ಮುಟ್ಟಬೇಡ, ಬಿಚ್ಚಬೇಡ, ಮುರೀಬೇಡ” ಎಂದು ಕೇಳಿದ ಕೈ ಅಲ್ಲಿಗೆ ಹೋಗಿ ಏನು ಮಾಡೀತು? ಕೆಳಗಿನ ತರಗತಿಗಳಿಗೆ ಬೇಕಾದುದು ಲಕ್ಷಗಳಲ್ಲ. ಬೀಗ ಹಾಕದ ಒಂದು ಪೆಟ್ಟಿಗೆ, ಅದರಲ್ಲಿ ದಾರ, ಹುರಿ, ಮೊಳೆ, ಅಯಸ್ಕಾಂತ, ಭೂತಗನ್ನಡಿ, ಹಳೆಯ ಡಬ್ಬಗಳು. ಮಾಂಟೆಸರಿ ತಾಯಿಯ ಹೆಸರನ್ನು ಹಲಗೆಯ ಮೇಲೆ ಬರೆಸಿಕೊಂಡು ಒಳಗೆ ಮೂರು ವರ್ಷದ ಕೂಸುಗಳ ಕೈಯಲ್ಲಿ ಅಕ್ಷರ ತಿದ್ದಿಸುವವರ ವಿಷಯ ಹೇಳದಿರುವುದೇ ವಾಸಿ. 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಆಕೆ ಶಾಲೆ ತೆರೆದದ್ದು ಕೈಗೆ ಕೆಲಸ ಕೊಡಲಿಕ್ಕೆ.

ಚಾಕು ತಾಗಿದರೆ? ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೆರಳಿಗೆ ಸಣ್ಣ ಗಾಯವಾದೀತು, ದೊಡ್ಡವರು ಪಕ್ಕದಲ್ಲಿರಬೇಕು, ಬೆಂಕಿ ಮತ್ತು ವಿದ್ಯುತ್ತು ದೂರವಿರಬೇಕು. ಆದರೆ ಪಕ್ಕದಲ್ಲಿರುವುದು ಬೇರೆ, ಮಗುವಿನ ಕೈಯಿಂದ ಕಿತ್ತುಕೊಂಡು ತಾವೇ ಮಾಡಿಬಿಡುವುದು ಬೇರೆ. ಪಾಠ ಮುಗಿಯುವುದಿಲ್ಲ ಎಂಬ ಅಧ್ಯಾಪಕರ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೆ: ಮುಗಿಸಿದ ಪಾಠ ಮಗುವಿನಲ್ಲಿ ಎಷ್ಟು ಉಳಿದಿದೆ, ಎಣಿಸಿ ತೋರಿಸಲಿ.

ಫೆಬ್ರವರಿ 28 ಬಂದರೆ ವಿಜ್ಞಾನ ದಿನ. 1928ರಲ್ಲಿ ರಾಮನ್ನರ ಶೋಧ ಪ್ರಕಟವಾದ ದಿನ. ಮತ್ತೆ ಕರೆಗಳು ಬರುತ್ತವೆ. ಈ ಸಲ ಒಂದು ಷರತ್ತು ಹಾಕಿದ್ದೇನೆ. ಮಗು ತನ್ನ ಮಾದರಿಯನ್ನು ನಮ್ಮೆದುರಿಗೆ ಬಿಚ್ಚಿ ಮತ್ತೆ ಕೂಡಿಸಬೇಕು, ಅಪ್ಪ ಅಮ್ಮ ಹೊರಗೆ ನಿಲ್ಲಬೇಕು. ಇದುವರೆಗೆ ಒಂದು ಶಾಲೆಯವರು ಒಪ್ಪಿದ್ದಾರೆ. ಎರಡು ಶಾಲೆಯವರು ಭೌತಶಾಸ್ತ್ರದ ನನ್ನ ಸಹೋದ್ಯೋಗಿಯನ್ನು ಕರೆದಿದ್ದಾರೆ.